ಬಯ್ಯುವ ಮೊದಲು ಕಿಟ್ ಎಣಿಸಿ

ಸಂಜೆ ಏಳರ ಮೇಲೆ ಕಲಬುರಗಿಯ ಯಾವುದಾದರೂ ಜನ ತುಂಬಿದ ಹಲ್ಲಿನ ದವಾಖಾನೆಯಲ್ಲಿ ಕುಳಿತು ನೋಡಿ. ಒಳಗಿನ ಕೋಣೆಯಿಂದ ಡಾಕ್ಟರ ದನಿ ಬರುತ್ತದೆ: “ಎಷ್ಟೊತ್ತು ಬೇಕವಾ ನಿನಗ? ಪೇಶಂಟ್ ಬಾಯಿ ತಕ್ಕೊಂಡು ಕುಂತಾರ!” ಹೊರಗೆ ಕಾಯುತ್ತಿರುವವರಿಗೆ ಅದು ಕೆಲಸದ ಹುಡುಗಿಯ ಸೋಮಾರಿತನ ಅನಿಸುತ್ತದೆ. ಡಾಕ್ಟರಿಗೂ ಹಾಗೇ ಅನಿಸಿರುತ್ತದೆ. ಹಿಂದಿನ ಸಿಂಕಿನ ಹತ್ತಿರ ಹೋಗಿ ನೋಡಿದರೆ ಕತೆಯೇ ಬೇರೆ. ಬಾಯೊಳಗೆ ನೋಡುವ ಪುಟ್ಟ ಕನ್ನಡಿ, ಮೌತ್ ಮಿರರ್, ಇರುವುದು ಒಟ್ಟು ಐದು. ಒಂದು ಮಬ್ಬಾಗಿದೆ, ಎರಡು ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿನ ಒಳಗಿವೆ, ಇನ್ನೆರಡು ಈಗಷ್ಟೇ ರಕ್ತ ಮೆತ್ತಿಕೊಂಡು ಟ್ರೇಯಲ್ಲಿ ಬಂದಿವೆ. ಆಕೆ ಎಲ್ಲಿಂದ ತಂದು ಕೊಡಬೇಕು?

ಅಸಿಸ್ಟೆಂಟರ ಮೇಲೆ ಹರಿಯುವ ಸಿಟ್ಟಿನ ಬಹುಪಾಲು ಇಂಥದ್ದೇ. ಡಾಕ್ಟರು ಕೊಳ್ಳದೇ ಬಿಟ್ಟ ಸಾಮಾನು, ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಬಿಡದ ಹೊತ್ತು, ಕಲಿಸದೇ ಬಿಟ್ಟ ಕೆಲಸ, ಇವು ಮೂರೂ ಸೇರಿ ಕೊನೆಗೆ ದವಾಖಾನೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವಳ ತಲೆಯ ಮೇಲೆ ಬೀಳುತ್ತವೆ. ಸಿಬ್ಬಂದಿಯ ಜೊತೆ ಚೆನ್ನಾಗಿ ನಡೆದುಕೊಳ್ಳುವುದು ಅಂದರೆ ಮೆತ್ತಗೆ ಮಾತಾಡುವುದು, ದೀಪಾವಳಿಗೆ ಸೀರೆ ಕೊಡುವುದು ಎಂದುಕೊಂಡವರು ಬಹಳ. ಸೀರೆ ಕೊಡಿ, ಬೇಡ ಅನ್ನುವವರು ಯಾರು? ಅದಕ್ಕೂ ಮೊದಲು ಒಂದು ಲೆಕ್ಕ ಮಾಡಿ.

ಸಂಜೆ ಐದರಿಂದ ಒಂಬತ್ತು, ನಾಲ್ಕು ತಾಸು. ಇಪ್ಪತ್ತು ನಿಮಿಷಕ್ಕೊಬ್ಬರು ಅಂದರೂ 12 ಪೇಶಂಟ್. ಈಗ ಒಂದು ಬಳಸಿದ ಸೆಟ್ (ಮಿರರ್, ಹಲ್ಲು ಕೆದಕಿ ನೋಡುವ ಪ್ರೋಬ್, ಚಿಮಟದಂಥ ಟ್ವೀಜರ್) ಮತ್ತೆ ಬಳಕೆಗೆ ಬರಲು ಎಷ್ಟು ಹೊತ್ತು ಬೇಕು ನೋಡೋಣ. ನೆನೆಸಿ, ದಪ್ಪ ಗ್ಲೌಸ್ ಹಾಕಿಕೊಂಡು ಬ್ರಶ್ಶಿನಿಂದ ಮೇಲ್ಮೈ ತೊಳೆಯಲು 10 ನಿಮಿಷ. ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ 10 ನಿಮಿಷ. ಜಾಲಿಸಿ, ಒರೆಸಿ, ಪ್ರೋಬಿನ ತುದಿಯಲ್ಲಿ ಸಿಮೆಂಟ್ ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಕಾಗದದ ಪೌಚಿನಲ್ಲಿ ಹಾಕಿ ಅಂಟಿಸಲು 15 ನಿಮಿಷ. ಆಟೋಕ್ಲೇವ್ ಬಿಸಿಯಾಗಿ, ಹಿಡಿದಿಟ್ಟು, ಒಣಗಿಸಿ ಮುಗಿಸಲು 45 ನಿಮಿಷ. ಕೈಯಲ್ಲಿ ಹಿಡಿಯುವಷ್ಟು ಆರಲು ಇನ್ನೊಂದು 10. ಹತ್ತಿರ ಹತ್ತಿರ ಒಂದೂವರೆ ತಾಸು. ಆ ಒಂದೂವರೆ ತಾಸಿನಲ್ಲಿ ನಾಲ್ಕೈದು ಪೇಶಂಟ್ ಕುರ್ಚಿಗೆ ಬಂದು ಹೋಗಿರುತ್ತಾರೆ. ಒಂದು ಗುಂಪು ಬಳಕೆಯಲ್ಲಿ, ಒಂದು ಗುಂಪು ತೊಳೆಯುವಲ್ಲಿ, ಒಂದು ಗುಂಪು ಕಪಾಟಿನಲ್ಲಿ ಎಂದು ಹಿಡಿದರೆ ಮಿರರ್-ಪ್ರೋಬ್-ಟ್ವೀಜರ್ ಸೆಟ್ ಕನಿಷ್ಠ 14 ಬೇಕು. ಕೆಳಗೆ ಬೀಳುವುದು, ಪೌಚ್ ಹರಿಯುವುದು ಇದ್ದದ್ದೇ, ಅದಕ್ಕೆ ಇನ್ನೆರಡು ಸೇರಿಸಿಕೊಳ್ಳಿ. ಇಷ್ಟಕ್ಕೂ ಆಗುವ ಖರ್ಚು ಹಲ್ಲು ಕೊರೆಯುವ ಒಂದು ಒಳ್ಳೆಯ ಏರೋಟರ್ ಹ್ಯಾಂಡ್‌ಪೀಸಿನ ಬೆಲೆಗಿಂತ ಹೆಚ್ಚಾಗುವುದಿಲ್ಲ.

ಸೆಟ್ ಕಡಿಮೆ ಇದ್ದಾಗ ಏನಾಗುತ್ತದೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು, ಹೇಳುವವರು ಮಾತ್ರ ಕಡಿಮೆ. ಮೊದಲ ದಿನ ಆಕೆ ತಡ ಮಾಡಿ ಬೈಸಿಕೊಳ್ಳುತ್ತಾಳೆ. ಎರಡನೇ ದಿನವೂ ಅಷ್ಟೇ. ಮೂರನೇ ದಿನಕ್ಕೆ ಸ್ಪಿರಿಟ್ ಹತ್ತಿಯಿಂದ ಒರೆಸಿ ಟ್ರೇಯಲ್ಲಿ ಇಡುವುದನ್ನು ಕಲಿಯುತ್ತಾಳೆ. ಸ್ಪಿರಿಟ್ ಒರೆಸಿದರೆ ಸ್ಟೆರೈಲ್, ಅಂದರೆ ಪೂರ್ತಿ ಕ್ರಿಮಿರಹಿತ, ಆಗುವುದಿಲ್ಲ. ಒಣಗಿದ ರಕ್ತದ ಪ್ರೋಟೀನು ಲೋಹಕ್ಕೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆದರೆ ಅಂದು ಬೈಗುಳ ಬೀಳಲಿಲ್ಲ. ಆಕೆ ಕಲಿತ ಪಾಠ ಅದೊಂದೇ. ಅಡ್ಡದಾರಿ ಕಲಿಸಿದ್ದು ಯಾರು ಎಂದು ಕೇಳಿದರೆ ಯಾವ ಡಾಕ್ಟರೂ ಕೈ ಎತ್ತುವುದಿಲ್ಲ.

ಆಟೋಕ್ಲೇವ್ ವಿಷಯಕ್ಕೆ ಬಂದರೆ ನಮ್ಮ ಕಡೆ ಎರಡು ತಾಪತ್ರಯ ಹೆಚ್ಚು: ಕರೆಂಟು, ನೀರು. ಹೀಟರ್ ಇರುವ ಮಶೀನು ಒಂದೂವರೆಯಿಂದ ಎರಡೂವರೆ ಕಿಲೋವ್ಯಾಟ್ ಎಳೆಯುತ್ತದೆ. ಮನೆಯ ಅಳತೆಯ ಇನ್ವರ್ಟರ್ ಅದನ್ನು ಹೊರುವುದಿಲ್ಲ. ಸೈಕಲ್ ನಡುವೆ ಕರೆಂಟು ಹೋದರೆ “ಆಗಲೇ ಇಪ್ಪತ್ತು ನಿಮಿಷ ಆಗಿತ್ತಲ್ಲ” ಎಂದು ತೆಗೆಯುವಂತಿಲ್ಲ, ಮೊದಲಿನಿಂದ ಶುರು ಮಾಡಬೇಕು. ಇದನ್ನು ಡಾಕ್ಟರು ಬಾಯಿಬಿಟ್ಟು ಹೇಳಿರಬೇಕು, ಗೋಡೆಗೆ ಬರೆದೂ ಅಂಟಿಸಿರಬೇಕು. ಇಲ್ಲದಿದ್ದರೆ ಬಾಗಿಲು ತೆರೆದು ಕೊಡುವ ಒತ್ತಡ ಆಕೆಯ ಮೇಲೆಯೇ ಬರುತ್ತದೆ. ಕುಕ್ಕರ್ ಮಾದರಿಯ ಹಳೆಯ ಆಟೋಕ್ಲೇವಿನಲ್ಲಿ ಒಣಗಿಸುವ ವ್ಯವಸ್ಥೆಯೇ ಇರುವುದಿಲ್ಲ. 121 ಡಿಗ್ರಿಯಲ್ಲಿ ಪೌಚಿಗೆ 30 ನಿಮಿಷ ಕೊಟ್ಟರೂ ಹೊರಬರುವುದು ಒದ್ದೆ ಪೌಚು. ಒದ್ದೆ ಕಾಗದವನ್ನು ಕೈಯಿಂದ ಮುಟ್ಟಿದರೆ ಮುಗಿಯಿತು, ಹೊರಗಿನ ಕ್ರಿಮಿ ನೀರಿನ ಜೊತೆ ಒಳಗಿಳಿಯುತ್ತದೆ. ವ್ಯಾಕ್ಯೂಮ್ ಇರುವ ಮಶೀನು 134 ಡಿಗ್ರಿಯಲ್ಲಿ 4 ನಿಮಿಷ ಹಿಡಿದು, ತಾನೇ ಒಣಗಿಸಿ ಕೊಡುತ್ತದೆ. ದುಬಾರಿ ನಿಜ. ಆದರೆ ದಿನಕ್ಕೆ ಒಂದು ತಾಸು ಒಬ್ಬರ ಹೊತ್ತು ಉಳಿಸುವ ಮಶೀನು ಅದು.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರನ್ನು ಆಟೋಕ್ಲೇವಿಗೆ ಹಾಕಿದರೆ ಸುಣ್ಣದ ಪದರ ಕಟ್ಟಿ ಹೀಟರು, ವಾಲ್ವು ಎರಡೂ ಹಾಳಾಗುತ್ತವೆ. ಹಲ್ಲಿಗೆ ಕಟ್ಟಿದ ಪಾಚಿ ತೆಗೆಯುವ ಅಲ್ಟ್ರಾಸೋನಿಕ್ ಸ್ಕೇಲರಿನ ನೀರಿನ ಸಣ್ಣ ದಾರಿ ಮುಚ್ಚಿಕೊಳ್ಳುತ್ತದೆ, ತುದಿ ಕಾಯುತ್ತದೆ, ಪೇಶಂಟ್ ಚೀರುತ್ತಾರೆ. ಡಿಸ್ಟಿಲ್ಡ್ ವಾಟರ್ ಕ್ಯಾನು ಖಾಲಿಯಾದ ದಿನ ಯಾರು ತರಬೇಕು, ದುಡ್ಡು ಯಾವ ಡಬ್ಬಿಯಿಂದ ತೆಗೆಯಬೇಕು ಎಂದು ಹೇಳದ ದವಾಖಾನೆಯಲ್ಲಿ ಹುಡುಗಿ ನಲ್ಲಿ ನೀರನ್ನೇ ಹಾಕುತ್ತಾಳೆ. ಆರು ತಿಂಗಳ ಮೇಲೆ ಮಶೀನು ಕೆಟ್ಟಾಗ “ಸಾಮಾನು ಹಾಳು ಮಾಡಿದಳು” ಎಂಬ ಮಾತು. ಐದುನೂರು ರೂಪಾಯಿ ಚಿಲ್ಲರೆ ಹಣ ಆಕೆಯ ಕೈಯಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ. ಇಷ್ಟು ನಂಬಿಕೆ ಇಟ್ಟರೆ ಈ ಜಗಳವೇ ಇಲ್ಲ.

ಬೇಸಿಗೆಯಲ್ಲಿ ನಮ್ಮ ಊರಿನದೇ ಆದ ಇನ್ನೊಂದು ಬೈಗುಳ ಹುಟ್ಟುತ್ತದೆ: “ಮೆಟೀರಿಯಲ್ ಸರಿಯಾಗಿ ಕಲಸಾಕ ಬರಂಗಿಲ್ಲ.” ಏಪ್ರಿಲ್-ಮೇದಲ್ಲಿ ಕಲಬುರಗಿ, ಯಾದಗಿರಿ 42 ಡಿಗ್ರಿ ದಾಟುತ್ತವೆ. ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸಿನ ನೀರು ಮಧ್ಯಾಹ್ನ ಮುಟ್ಟಲಾಗದಷ್ಟು ಕಾದಿರುತ್ತದೆ. ಅದೇ ನೀರಿನಲ್ಲಿ ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿ ಕಲಸಿದರೆ ಟ್ರೇಗೆ ತುಂಬುವ ಮೊದಲೇ ಬಟ್ಟಲಿನಲ್ಲಿ ಗಟ್ಟಿಯಾಗುತ್ತದೆ. ಹಲ್ಲಿಗೆ ತುಂಬುವ ಗ್ಲಾಸ್ ಅಯೊನೋಮರ್ ಸಿಮೆಂಟಿನ ಡಬ್ಬಿಯ ಮೇಲೆ ಬರೆದ ಸಮಯ 23 ಡಿಗ್ರಿ ಆಸುಪಾಸಿನಲ್ಲಿ ಅಳೆದದ್ದು. ನಮ್ಮ ಮೇ ತಿಂಗಳಿಗೆ ಅದು ಅನ್ವಯಿಸುವುದಿಲ್ಲ. ಆಕೆ ಅಳತೆ ತಪ್ಪಿಲ್ಲ, ಕೈಯೂ ನಿಧಾನವಿಲ್ಲ. ಫ್ರಿಜ್ಜಿನಲ್ಲಿ ಒಂದು ಬಾಟಲಿ ನೀರು ಇಡಿ, ಆಲ್ಜಿನೇಟಿಗೆ ಅದನ್ನೇ ಬೆರೆಸಿಕೊಂಡು 20 ಡಿಗ್ರಿ ಸುಮಾರಿಗೆ ತನ್ನಿ. ಫ್ರಿಜ್ ಇಲ್ಲದಿದ್ದರೆ ಹೊಸ ಮಣ್ಣಿನ ಗಡಿಗೆಯ ನೀರೂ ನಡೆಯುತ್ತದೆ. ಸಿಮೆಂಟ್ ಕಲಸುವ ಗಾಜಿನ ಸ್ಲ್ಯಾಬನ್ನು ತಣ್ಣಗೆ ಮಾಡಿ, ಪೂರ್ತಿ ಒರೆಸಿ ಬಳಸಿ; ಮೇಲೆ ಬೆವರಿನಂತೆ ಕೂತ ನೀರಹನಿ ಉಳಿದರೆ ಪುಡಿ-ದ್ರವದ ಅಳತೆ ಕೆಡುತ್ತದೆ. ಆಲ್ಜಿನೇಟ್ ಅಚ್ಚು ತೆಗೆದ ಮೇಲೆ ಒದ್ದೆ ಟಿಶ್ಶೂದಲ್ಲಿ ಸುತ್ತಿ 10-15 ನಿಮಿಷದೊಳಗೆ ಪ್ಲಾಸ್ಟರ್ ಹುಯ್ಯಬೇಕು. ನಮ್ಮ ಒಣ ಗಾಳಿಗೆ ಅದು ಬೇಗ ಕುಗ್ಗುತ್ತದೆ. ಇತ್ತ ಪೇಶಂಟಿಗೆ ಉಗುಳು ಎಳೆಯುವ ಸಕ್ಷನ್ ಹಿಡಿ, ಅತ್ತ ಅಚ್ಚು ಹುಯ್ಯಿ ಎಂದು ಒಬ್ಬಳಿಗೇ ಹೇಳಿದರೆ ಎರಡರಲ್ಲಿ ಒಂದು ಕೆಡುವುದು ಖಾತ್ರಿ. ಕಟ್ಟಿಸಿದ ಹಲ್ಲಿನ ಸೆಟ್ ಕೂರದೇ ವಾಪಸ್ ಬಂದಾಗ ಬೈಗುಳ ಅದನ್ನು ಮಾಡಿಕೊಡುವ ಲ್ಯಾಬಿನ ಹುಡುಗನಿಗೆ.

ಲ್ಯಾಬಿನವರನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವರು ಕಣ್ಣಿಗೆ ಬೀಳದ ಸಿಬ್ಬಂದಿ. ಎಷ್ಟು ತುಂಡೋ ಅಷ್ಟು ದುಡ್ಡು, ರಿಪೀಟ್ ಬಂದರೆ ಪುಕ್ಕಟೆ ಕೆಲಸ. ತೊಳೆಯದ, ರಕ್ತ ಹತ್ತಿದ ಅಚ್ಚನ್ನು ಪಾಲಿಥೀನಿನಲ್ಲಿ ಕಟ್ಟಿ ಕಳಿಸುವುದು ಅವರಿಗೆ ಮಾಡುವ ಅವಮಾನ ಮಾತ್ರವಲ್ಲ, ಅಪಾಯ ಕೂಡ. ಹರಿಯುವ ನೀರಿನಲ್ಲಿ ತೊಳೆದು, ಹೈಪೊಕ್ಲೋರೈಟ್ ಸಿಂಪಡಿಸಿ, ಮತ್ತೆ ತೊಳೆದು, ಚೀಟಿಯ ಮೇಲೆ “ಡಿಸಿನ್ಫೆಕ್ಟ್ ಆಗಿದೆ” ಎಂದು ಬರೆದು ಕಳಿಸಿ. ಶೇಡ್ (ಹಲ್ಲಿನ ಬಣ್ಣ), ದಿನಾಂಕ, ಯಾವ ಹಲ್ಲು ಎಂಬುದನ್ನೂ ಅಲ್ಲೇ ಬರೆದರೆ ರಾತ್ರಿ ಹತ್ತಕ್ಕೆ ಫೋನು ಮಾಡಿ ಕೂಗಾಡುವುದು ಉಳಿಯುತ್ತದೆ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯ: ಸೂಜಿ. ಸೂಜಿ ಚುಚ್ಚುವುದು ಹೆಚ್ಚಾಗಿ ಇಂಜೆಕ್ಷನ್ ಮಾಡುವಾಗ ಅಲ್ಲ, ಆಮೇಲೆ. ಡಾಕ್ಟರು ಮುಚ್ಚಳ ಹಾಕದ ಸಿರಿಂಜನ್ನು ಟ್ರೇಯಲ್ಲಿ ಹತ್ತಿಯ ಕೆಳಗೆ ಬಿಟ್ಟು ಎದ್ದು ಹೋಗುತ್ತಾರೆ, ಆಕೆ ಟ್ರೇ ಎತ್ತುವಾಗ ಬೆರಳಿಗೆ ನಾಟುತ್ತದೆ. ನಿಯಮ ಸರಳ. ಸೂಜಿ ಬಳಸಿದವರೇ ಅದನ್ನು ವಿಲೇವಾರಿ ಮಾಡಬೇಕು. ಮತ್ತೊಮ್ಮೆ ಇಂಜೆಕ್ಷನ್ ಬೇಕಾಗಬಹುದು ಎಂದರೆ ಮುಚ್ಚಳವನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಬೇಕು, ಇನ್ನೊಂದು ಕೈ ಹತ್ತಿರ ಬರಬಾರದು. ಕೊನೆಗೆ ಸೂಜಿ ಬಿಳಿ, ಗಟ್ಟಿ, ಚುಚ್ಚಿದರೂ ತೂತಾಗದ ಡಬ್ಬಿಗೆ. ಡಬ್ಬಿ ಇರಬೇಕಾದದ್ದು ಕುರ್ಚಿಯ ಪಕ್ಕ, ಹಿಂದಿನ ಕೋಣೆಯಲ್ಲಲ್ಲ. ನಡೆದುಕೊಂಡು ಹೋಗುವ ಹತ್ತು ಹೆಜ್ಜೆಯಲ್ಲೇ ಅನಾಹುತ.

ಚುಚ್ಚಿದರೆ ಏನು ಮಾಡಬೇಕು? ಹರಿಯುವ ನೀರು, ಸಾಬೂನು. ಹಿಂಡಬಾರದು, ಬ್ಲೀಚು-ಸ್ಪಿರಿಟ್ ಸುರಿಯಬಾರದು, ಬೆರಳು ಬಾಯಿಗೆ ಹಾಕಬಾರದು. ಆಮೇಲೆ ಸರ್ಕಾರಿ ಆಸ್ಪತ್ರೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಎಚ್‌ಐವಿ ತಡೆಗಟ್ಟುವ ಔಷಧಿಯನ್ನು ಸಾಧ್ಯವಾದರೆ 2 ತಾಸಿನೊಳಗೆ, ತಡವಾದರೂ 72 ತಾಸಿನೊಳಗೆ ಶುರು ಮಾಡಬೇಕು, 28 ದಿನ ನುಂಗಬೇಕು. ಅಂದೇ ಒಂದು ರಕ್ತ ಪರೀಕ್ಷೆ, ಆಮೇಲೆ 6 ವಾರ, 3 ತಿಂಗಳು, 6 ತಿಂಗಳಿಗೆ ಮತ್ತೆ. ಯಾವ ಪೇಶಂಟಿನ ಸೂಜಿ ಎಂದು ಗೊತ್ತಿದ್ದರೆ ಅವರನ್ನು ಒಪ್ಪಿಸಿ ಅವರ ರಕ್ತವನ್ನೂ ಪರೀಕ್ಷಿಸಬೇಕು. ಆ ಮಾತು ಆಡಬೇಕಾದವರು ಡಾಕ್ಟರು, ಅದನ್ನು ಅಸಿಸ್ಟೆಂಟಿನ ಮೇಲೆ ಬಿಡಬಾರದು. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಜನ ಹೆದರುವುದು ಅದಕ್ಕೆ. ಆದರೆ ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಇರುವ ಪೇಶಂಟಿನ ಸೂಜಿ ಚುಚ್ಚಿದರೆ ಆ ಸಾಧ್ಯತೆ ನೂರಕ್ಕೆ 6ರಿಂದ 30. ಹೆದರಬೇಕಾದ್ದು ಇದಕ್ಕೆ, ಮತ್ತು ಲಸಿಕೆಯಿಂದ ತಡೆಯಲು ಬರುವುದೂ ಇದನ್ನೇ.

ಲಸಿಕೆ ಮೂರು ಡೋಸು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯದಾದ ಒಂದೆರಡು ತಿಂಗಳಿಗೆ ಆಂಟಿಬಾಡಿ ಪರೀಕ್ಷೆ, 10 mIU/ml ದಾಟಿದ್ದರೆ ಸರಿ. ಎಲ್ಲ ಸೇರಿದರೂ ಒಂದು ರೂಟ್ ಕೆನಾಲಿನ ಫೀಸಿನ ಒಳಗೇ ಮುಗಿಯುವ ಖರ್ಚು. ಇದನ್ನು ಡಾಕ್ಟರ ದೊಡ್ಡ ಮನಸ್ಸು ಎಂದು ತಿಳಿಯಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಹೇಳುತ್ತವೆ: ತ್ಯಾಜ್ಯ ಮುಟ್ಟುವ ಎಲ್ಲ ಸಿಬ್ಬಂದಿಗೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸಬೇಕು, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು, ತರಬೇತಿಯೂ ಹಾಗೇ. ಒಂದೇ ಕುರ್ಚಿಯ ಕ್ಲಿನಿಕ್ಕಿಗೂ ಇದು ಅನ್ವಯಿಸುತ್ತದೆ. ನೆಲ ಒರೆಸಲು ದಿನಕ್ಕೊಂದು ತಾಸು ಬರುವ ಅಮ್ಮನಿಗೂ ಅನ್ವಯಿಸುತ್ತದೆ. ಆಕೆಯನ್ನು ಎಲ್ಲರೂ ಮರೆಯುತ್ತಾರೆ. ಕಸದ ಚೀಲ ಕಟ್ಟುವವಳು, ಚೀಲದಿಂದ ಹೊರಗಿಣುಕುವ ಸೂಜಿ ಮೊದಲು ಚುಚ್ಚುವುದು ಆಕೆಗೇ.

ಬಣ್ಣದ ಚೀಲಗಳ ಬಗ್ಗೆ ಚುಟುಕಾಗಿ: ರಕ್ತದ ಹತ್ತಿ, ಕಿತ್ತ ಹಲ್ಲು ಹಳದಿಗೆ, ಗ್ಲೌಸ್, ಸಕ್ಷನ್ ತುದಿ, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ, ಸೂಜಿ, ಬ್ಲೇಡು ಬಿಳಿ ಡಬ್ಬಿಗೆ, ಔಷಧಿಯ ಗಾಜಿನ ಬಾಟಲಿ ನೀಲಿಗೆ. ಅಮಾಲ್ಗಮ್ (ಪಾದರಸ ಬೆರೆತ ಲೋಹ) ತುಂಬಿದ ಹಲ್ಲನ್ನು ಮಾತ್ರ ಸುಡುವ ಹಳದಿ ಚೀಲಕ್ಕೆ ಹಾಕಬೇಡಿ, ಪಾದರಸದ ಹೊಗೆ ಬರುತ್ತದೆ. ಓದಲು ಬಾರದವರಿಗೆ ಬಣ್ಣದ ಪಕ್ಕದಲ್ಲಿ ಚಿತ್ರ ಅಂಟಿಸಿ.

ಗ್ಲೌಸಿನ ವಿಷಯದಲ್ಲಿ ನಡೆಯುವ ಜಿಪುಣತನ ನೋಡಿದರೆ ಸಿಟ್ಟು ಬರುತ್ತದೆ. ಡಾಕ್ಟರಿಗೆ ಪೇಶಂಟಿಗೊಂದು ಜೊತೆ, ಅಸಿಸ್ಟೆಂಟಿಗೆ ಮಾತ್ರ ಬೆಳಿಗ್ಗೆ ಒಂದು, ಸಂಜೆ ಒಂದು. ಅದೇ ಗ್ಲೌಸಿನಲ್ಲಿ ಸಕ್ಷನ್ ಹಿಡಿದು, ಅದರಲ್ಲೇ ಡ್ರಾಯರ್ ತೆಗೆದು, ಫೋನೆತ್ತಿ, ಬಿಲ್ ಬರೆದು. ಇನ್ನು ಆ ತೆಳು ಗ್ಲೌಸಿನಲ್ಲಿ ಚೂಪು ಸಾಮಾನು ತೊಳೆಯುವುದಂತೂ ಬರಿಗೈಯಲ್ಲಿ ತೊಳೆದ ಹಾಗೆ. ತೊಳೆಯಲು ಮೊಣಕೈ ಹತ್ತಿರಕ್ಕೆ ಬರುವ ದಪ್ಪ ನೈಟ್ರೈಲ್ ಗ್ಲೌಸು, ಏಪ್ರನ್, ಕಣ್ಣಿಗೆ ಕನ್ನಡಕ ಬೇಕು. ಏರೋಟರ್ ತಿರುಗುವಾಗ ಹಾರುವ ಮಂಜು ಡಾಕ್ಟರ ಮುಖಕ್ಕೆ ಎಷ್ಟೋ ಆಕೆಯ ಮುಖಕ್ಕೂ ಅಷ್ಟೇ. ಮಾಸ್ಕು ಇಬ್ಬರಿಗೂ ಒಂದೇ ಗುಣಮಟ್ಟದ್ದಿರಲಿ.

ಕ್ರಿಮಿ ಕೊಲ್ಲುವ ಗ್ಲುಟರಾಲ್ಡಿಹೈಡ್ ದ್ರಾವಣದ ಟ್ರೇ ಇನ್ನೂ ಎಷ್ಟೋ ಕಡೆ ಮುಚ್ಚಳವಿಲ್ಲದೆ ಸಿಂಕಿನ ಪಕ್ಕ ಇರುತ್ತದೆ. 2 ಪರ್ಸೆಂಟ್ ದ್ರಾವಣದಲ್ಲಿ ಸ್ಟೆರೈಲ್ ಆಗಲು 10 ತಾಸು ಬೇಕು. “ಹತ್ತು ನಿಮಿಷ ಅದ್ದಿ ತೆಗಿ” ಅನ್ನುವುದಕ್ಕೆ ಅರ್ಥವಿಲ್ಲ. ಅದರ ಹಬೆ ಕಣ್ಣು ಉರಿಸುತ್ತದೆ, ಗಂಟಲು ಕೆರೆಯುತ್ತದೆ, ವರ್ಷಗಟ್ಟಲೆ ಉಸಿರಾಡಿದವರಿಗೆ ದಮ್ಮು ಹಚ್ಚುತ್ತದೆ. ಕಿಟಕಿಯಿಲ್ಲದ ನಾಲ್ಕಡಿ ಕೋಣೆಯಲ್ಲಿ ದಿನವಿಡೀ ಅದರ ಮುಂದೆ ನಿಲ್ಲುವವರು ಕೆಮ್ಮಿದರೆ ರಜೆ ಕೊಡುವುದಕ್ಕಿಂತ ಒಂದು ಎಗ್ಜಾಸ್ಟ್ ಫ್ಯಾನ್ ಹಾಕಿಸಿ, ಟ್ರೇಗೆ ಮುಚ್ಚಳ ತನ್ನಿ. ಬಿಸಿ ತಡೆಯುವ ಸಾಮಾನನ್ನೆಲ್ಲ ಆಟೋಕ್ಲೇವಿಗೇ ಹಾಕಿದರೆ ಆ ಟ್ರೇಯ ಅಗತ್ಯವೇ ಬಹುತೇಕ ಹೋಗುತ್ತದೆ.

ಎಕ್ಸ್-ರೇ ತೆಗೆಯುವಾಗ ಮಗುವಿನ ಬಾಯಲ್ಲಿ ಫಿಲ್ಮ್ ಹಿಡಿಯಲು ಅಸಿಸ್ಟೆಂಟಿಗೆ ಹೇಳುವುದು ತಪ್ಪು, ಒಮ್ಮೆಯೂ ಹೇಳಬಾರದು. ಹೋಲ್ಡರ್ ಬಳಸಿ, ಹಿಡಿಯಲೇಬೇಕಾದರೆ ಸೀಸದ ಏಪ್ರನ್ ತೊಡಿಸಿ ಮಗುವಿನ ತಾಯಿ-ತಂದೆಯಿಂದ ಹಿಡಿಸಿ. ಆಕೆ ಗೋಡೆಯ ಹಿಂದೆ ನಿಲ್ಲಬೇಕು, ಗೋಡೆ ಇಲ್ಲದಿದ್ದರೆ ಕಿರಣದ ದಾರಿಯಿಂದ ಪಕ್ಕಕ್ಕೆ, 2 ಮೀಟರ್ ದೂರ. 18 ತುಂಬದವರನ್ನು ಎಕ್ಸ್-ರೇ ಕೆಲಸಕ್ಕೆ ಹಚ್ಚುವಂತಿಲ್ಲ. ಬಸುರಿಯಾದರೆ ಹೇಳಲು ಹೆದರುವಂಥ ವಾತಾವರಣ ಇರಬಾರದು. ಕೆಲಸ ಹೋಗುತ್ತದೆಂದು ಐದು ತಿಂಗಳವರೆಗೆ ಮುಚ್ಚಿಟ್ಟರೆ ನಷ್ಟ ಮಗುವಿಗೆ.

ಕೂರುವ ವಿಷಯ ಸಣ್ಣದೆನಿಸುತ್ತದೆ. ಡಾಕ್ಟರಿಗೆ ಚಕ್ರದ ಸ್ಟೂಲ್ ಇದೆ, ಆಕೆ ನಿಂತೇ ಇರುತ್ತಾಳೆ, ಒಂದು ಕಡೆ ಬಾಗಿ, ಕುತ್ತಿಗೆ ಓರೆ ಮಾಡಿ, ಸಕ್ಷನ್ ಹಿಡಿದು, ಒಂದು ರೂಟ್ ಕೆನಾಲಿಗೆ ಮುಕ್ಕಾಲು ತಾಸು. ನಾಲ್ಕು ಕೈಯ ಕೆಲಸದ ಪದ್ಧತಿಯಲ್ಲಿ ಅಸಿಸ್ಟೆಂಟೂ ಕೂರಬೇಕು, ಅದೂ ಡಾಕ್ಟರಿಗಿಂತ ನಾಲ್ಕರಿಂದ ಆರು ಇಂಚು ಎತ್ತರದಲ್ಲಿ, ಯಾಕೆಂದರೆ ಬಾಯೊಳಗೆ ಮೇಲಿನಿಂದ ಕಾಣಬೇಕು. ಪೇಶಂಟಿನ ತಲೆಯನ್ನು ಗಡಿಯಾರದ 12 ಎಂದು ತಿಳಿದರೆ ಬಲಗೈ ಡಾಕ್ಟರು 7ರಿಂದ 12ರ ನಡುವೆ, ಆಕೆ 2ರಿಂದ 4ರಲ್ಲಿ, ಸಾಮಾನು ಕೈಬದಲಾಗುವುದು 4ರಿಂದ 7ರ ನಡುವೆ ಪೇಶಂಟಿನ ಗದ್ದದ ಕೆಳಗೆ. ಎತ್ತರದ ಸ್ಟೂಲಿಗೆ ಕಾಲಿಡುವ ಬಳೆ ಇರಬೇಕು, ಇಲ್ಲದಿದ್ದರೆ ಕಾಲು ಜೋತು ಬಿದ್ದು ತೊಡೆ ಜೋಮು ಹಿಡಿಯುತ್ತದೆ. ಸ್ಟೂಲ್ ಕೊಟ್ಟರೆ ಕೆಲಸದ ವೇಗ ಹೆಚ್ಚುವುದನ್ನು ವಾರದಲ್ಲೇ ನೋಡಬಹುದು. “ನಮ್ಮ ಮುಂದ ಕುಂದ್ರೂದು ಸರಿ ಕಾಣಂಗಿಲ್ಲ” ಅನ್ನುವ ಡಾಕ್ಟರು ಇನ್ನೂ ಇದ್ದಾರೆ. ಅವರಿಗೆ ಗಡಿಯಾರ ತೋರಿಸಿ ಉಪಯೋಗವಿಲ್ಲ.

ದವಾಖಾನೆಯ ವೇಳೆಯೂ ಒಂದು ಪ್ರಶ್ನೆ. ಬೆಳಿಗ್ಗೆ 10ರಿಂದ 2, ಸಂಜೆ 5ರಿಂದ 9. ಡಾಕ್ಟರು ಮನೆಗೆ ಹೋಗಿ ಊಟ ಮಾಡಿ ಮಲಗಿ ಬರುತ್ತಾರೆ. ಕಾರಿಗೆ ಹತ್ತು ನಿಮಿಷ. ಆಳಂದ ರಸ್ತೆಯ ಹಳ್ಳಿಯಿಂದಲೋ ಶಹಾಬಾದದಿಂದಲೋ ಬಸ್ಸಿನಲ್ಲಿ ಬರುವ ಹುಡುಗಿ ಆ ಮೂರು ತಾಸು ಎಲ್ಲಿಗೆ ಹೋಗಬೇಕು? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸಿನ ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ. ಎಸಿ ಬಂದ್ ಮಾಡಿ, ಶಟರ್ ಅರ್ಧ ಎಳೆದು, “ಇಲ್ಲೇ ಇರು” ಎಂದು ಹೋದರೆ ಮೇ ತಿಂಗಳಲ್ಲಿ ಒಳಗೆ ಬೇಯುತ್ತಾಳೆ. ರೊಟ್ಟಿ ಬಿಚ್ಚಿ ಉಣ್ಣಲು ಸ್ಟೆರಿಲೈಸೇಶನ್ ಕಟ್ಟೆ ಬಿಟ್ಟರೆ ಜಾಗವಿಲ್ಲ ಎಂದರೆ ಅದು ನಾಚಿಕೆಗೇಡು, ರೋಗಕ್ಕೆ ದಾರಿ ಕೂಡ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಫ್ಯಾನು, ಕುಡಿಯುವ ನೀರು, ಒಳಗಿನಿಂದ ಚಿಲಕ ಇರುವ ಶೌಚಾಲಯ, ಅದರಲ್ಲೊಂದು ಮುಚ್ಚಳದ ಡಬ್ಬಿ. ಇಷ್ಟು ಇರಲೇಬೇಕು. ಮಳಿಗೆ ಬಾಡಿಗೆ ಹಿಡಿಯುವಾಗ ಪಾರ್ಕಿಂಗ್ ನೋಡುವವರು ಇದನ್ನೂ ನೋಡಬೇಕು.

ಏಪ್ರಿಲ್-ಮೇದಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಕ್ಲಿನಿಕ್ಕುಗಳು ಯಾಕೆ ಹೀಗೆ ಮಾಡಬಾರದು? ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯ ಪೇಶಂಟ್‌ಗಳು ಹೇಗೂ ಬೆಳಗಿನ ಬಸ್ಸಿಗೇ ಬಂದಿಳಿಯುತ್ತಾರೆ. ಸಂಜೆ ಬಾಗಿಲು ತೆರೆಯುವುದೇ ಆದರೆ ಕೊನೆಯ ಅಪಾಯಿಂಟ್‌ಮೆಂಟನ್ನು ಮುಚ್ಚುವ ಹೊತ್ತಿಗೆ ಮುಕ್ಕಾಲು ತಾಸು ಮೊದಲು ನಿಲ್ಲಿಸಿ. ಡಾಕ್ಟರ ಕೆಲಸ ಕೊನೆಯ ಪೇಶಂಟಿಗೆ ಮುಗಿಯುತ್ತದೆ, ಆಕೆಯದು ಅಲ್ಲಿಂದ ಶುರು: ಹ್ಯಾಂಡ್‌ಪೀಸ್ 20-30 ಸೆಕೆಂಡ್ ನೀರು ಬಿಟ್ಟು ತಿರುಗಿಸಿ, ಎಣ್ಣೆ ಹಾಕಿ, ಸಕ್ಷನ್ ಪೈಪಿಗೆ ನೀರೆಳೆಸಿ, ಸ್ಪಿಟೂನ್ ತೊಳೆದು, ಕಂಪ್ರೆಸರಿನ ನೀರು ಬಿಟ್ಟು, ಕೊನೆಯ ಆಟೋಕ್ಲೇವ್ ಹಾಕಿ. ಒಂಬತ್ತೂವರೆಗೆ ಪೇಶಂಟ್ ಎದ್ದರೆ ಆಕೆ ಹತ್ತೂಕಾಲಿಗೆ ಬೀದಿಗೆ ಬರುತ್ತಾಳೆ. ಕೊನೆಯ ಬಸ್ಸು ಹೋಗಿರುತ್ತದೆ. ಅಂಥ ದಿನ ಆಟೋದ ದುಡ್ಡು ಕ್ಲಿನಿಕ್ಕಿನದು, ಹೆಚ್ಚುವರಿ ಹೊತ್ತಿನ ಕೂಲಿಯೂ ಕ್ಲಿನಿಕ್ಕಿನದು.

ಸಂಬಳ ತಿಂಗಳ 7ರೊಳಗೆ ಬ್ಯಾಂಕ್ ಖಾತೆಗೆ ಬೀಳಬೇಕು. “ಈ ತಿಂಗಳ ಪೇಶಂಟ್ ಕಡಿಮಿ” ಎಂಬುದು ಕಾರಣವಲ್ಲ. ಪೇಶಂಟ್ ಹೆಚ್ಚಿದ ತಿಂಗಳು ಯಾರೂ ಹೆಚ್ಚು ಕೊಡುವುದಿಲ್ಲವಲ್ಲ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲಿನಲ್ಲಿ ಪರಿಷ್ಕರಣೆಯಾಗುತ್ತದೆ. ಆ ಆದೇಶ ನೋಡಿ ಸಂಬಳ ತಿದ್ದುವುದು ಡಾಕ್ಟರ ಕೆಲಸ, ಆಕೆ ಬಂದು ಕೇಳುವ ತನಕ ಕಾಯಬೇಡಿ. ಹತ್ತು ಮಂದಿಗಿಂತ ಕಡಿಮೆ ಇರುವಲ್ಲಿ ಇಎಸ್ಐ (ನೌಕರರ ಸರ್ಕಾರಿ ವಿಮೆ) ಕಡ್ಡಾಯವಿಲ್ಲ, ನಮ್ಮ ಹೆಚ್ಚಿನ ಕ್ಲಿನಿಕ್ಕುಗಳು ಆ ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಹಾಗಿದ್ದಮೇಲೆ ಕನಿಷ್ಠ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವರ್ಷದ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿಯನ್ನಾದರೂ ಡಾಕ್ಟರು ಕಟ್ಟಲಿ. ಎರಡೂ ಸೇರಿ ವರ್ಷಕ್ಕೆ 456. ಒಂದು ಸ್ಕೇಲಿಂಗಿನ ಫೀಸೂ ಅಲ್ಲ.

ಒಡೆದದ್ದಕ್ಕೆ ಸಂಬಳ ಹಿಡಿಯುವ ರೂಢಿ ಬಿಡಬೇಕು. ಏರೋಟರ್ ಬೇರಿಂಗ್ ಹೋಗುವುದು ಎಣ್ಣೆ ಹಾಕದಿದ್ದಕ್ಕೆ, ಗಾಳಿಯ ಒತ್ತಡ ಮಿತಿಗಿಂತ ಏರಿಸಿದ್ದಕ್ಕೆ, ಸವೆದ ಬರ್ (ಕೊರೆಯುವ ಮೊನೆ) ಹಾಕಿ ಒತ್ತಿದ್ದಕ್ಕೆ. ಮೂರರಲ್ಲಿ ಎರಡು ಡಾಕ್ಟರ ಕೈಯಲ್ಲೇ ಇವೆ. ಫಿಲ್ಲಿಂಗ್ ಗಟ್ಟಿ ಮಾಡುವ ದೀಪ, ಲೈಟ್ ಕ್ಯೂರ್, ಬಿದ್ದು ಒಡೆದರೆ ಅದನ್ನಿಡಲು ಸ್ಟ್ಯಾಂಡ್ ಇತ್ತೇ, ವೈರು ಕಾಲಿಗೆ ತೊಡರುವಂತಿತ್ತೇ ನೋಡಿ. ಕೆಲಸದವರ ವಿವರಣೆ ಕೇಳದೆ ನಷ್ಟವನ್ನು ಸಂಬಳದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಕಳೆದರೆ ಇನ್ನೊಂದು ಅಪಾಯ, ಮುಂದಿನ ಸಲ ಬಿದ್ದದ್ದನ್ನು ಆಕೆ ಹೇಳುವುದಿಲ್ಲ. ಬಿರುಕು ಬಿಟ್ಟ ತುದಿಯಿಂದ ಸರಿಯಾಗಿ ಬೆಳಕು ಬೀಳದೆ ಫಿಲ್ಲಿಂಗ್ ತಳದಲ್ಲಿ ಹಸಿಯಾಗಿಯೇ ಉಳಿಯುತ್ತದೆ, ಆರು ತಿಂಗಳಿಗೆ ಉದುರುತ್ತದೆ.

ಇನ್ನೊಂದು ತುದಿಯಲ್ಲಿ, ಆಕೆ ಮಾಡಬಾರದ ಕೆಲಸವನ್ನು ಮಾಡಿಸುವವರಿದ್ದಾರೆ. “ನೀನೇ ಸ್ಕೇಲಿಂಗ್ ಮಾಡಿಬಿಡು” ಅಂದಾಗ ಮೊದಲು ಆಕೆಗೆ ಹೆಮ್ಮೆಯಾಗುತ್ತದೆ. ಕಾನೂನಿನ ಪ್ರಕಾರ ಆ ಕೆಲಸ ನೋಂದಾಯಿತ ದಂತವೈದ್ಯರದ್ದು ಇಲ್ಲವೇ ಹಲ್ಲು ಸ್ವಚ್ಛ ಮಾಡಲು ಕಲಿತ ನೋಂದಾಯಿತ ಹೈಜೀನಿಸ್ಟರದ್ದು. ಪೇಶಂಟಿನ ನಾಲಿಗೆ ಕೊಯ್ದು ದೂರು ಬಂದ ದಿನ “ನಾನು ಹೇಳಿರಲಿಲ್ಲ” ಎಂದು ಡಾಕ್ಟರು ಕೈ ತೊಳೆದುಕೊಂಡರೆ ಆಕೆಗೆ ಯಾರೂ ಇಲ್ಲ. ಆಕೆಗೆ ಮೇಲೆ ಬರುವ ಆಸೆ ಇದ್ದರೆ ಹೈಜೀನಿಸ್ಟ್ ಡಿಪ್ಲೊಮಾ ಓದಲು ಬಿಡಿ, ಸಾಧ್ಯವಾದರೆ ಫೀಸಿನಲ್ಲಿ ಪಾಲು ಕೊಡಿ.

ಆಕೆ ಮಾಡುವ, ಯಾರೂ ಎಣಿಸದ ಒಂದು ಕೆಲಸವಿದೆ. ಬೀದರಿನ ಕ್ಲಿನಿಕ್ಕಿನಲ್ಲಿ ಮರಾಠಿ, ಯಾದಗಿರಿಯ ಗಡಿಯಲ್ಲಿ ತೆಲುಗು, ಕಲಬುರಗಿಯಲ್ಲಿ ದಖ್ಖನಿ, ತಾಂಡಾದಿಂದ ಬಂದವರ ಲಂಬಾಣಿ. ಬೆಂಗಳೂರಿನಲ್ಲಿ ಓದಿ ಬಂದ ಡಾಕ್ಟರಿಗೆ “ದಾಡ್ ಠಣಕ್ತಾ” (ದವಡೆ ಹಲ್ಲು ಸಿಡಿಯುತ್ತಿದೆ) ಅಂದರೆ ತಿಳಿಯದಿದ್ದಾಗ ಪೇಶಂಟಿನ ನೋವು, ಶುಗರಿನ ಮಾತ್ರೆ, ಹೃದಯಕ್ಕೆ ರಕ್ತ ತೆಳು ಮಾಡುವ ಗುಳಿಗೆ ಎಲ್ಲ ಹೊರಬರುವುದು ಆಕೆಯ ಬಾಯಿಂದ. ಗುಟಕಾ ಎಷ್ಟು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರೆ “ಇಲ್ರಿ” ಅನ್ನುವವರು ಆಕೆಗೆ ನಿಜ ಹೇಳುತ್ತಾರೆ. ಆ ಆಕೆಯನ್ನೇ ಪೇಶಂಟಿನ ಮುಂದೆ ಬೈದರೆ ಮುಂದೆ ಯಾರೂ ಆಕೆಗೆ ಏನನ್ನೂ ಹೇಳುವುದಿಲ್ಲ. ತಪ್ಪು ತಿದ್ದುವುದಿದ್ದರೆ ಕೊನೆಯ ಪೇಶಂಟ್ ಹೋದ ಮೇಲೆ, ಬಾಗಿಲು ಹಾಕಿ, ಯಾವ ಹಂತದಲ್ಲಿ ಏನು ತಪ್ಪಿತು ಎಂದಷ್ಟೇ ಹೇಳಿ.

ಪೇಶಂಟ್ ಕೈ ಹಿಡಿದರೆ, ಡಾಕ್ಟರೇ ಮಿತಿ ಮೀರಿದರೆ? ಹತ್ತು ಮಂದಿಗಿಂತ ಕಡಿಮೆ ಇರುವ ಕೆಲಸದ ಜಾಗದವರಿಗಾಗಿಯೇ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇಟ್ಟಿದೆ. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬಹುದು. ಈ ಮಾಹಿತಿಯ ಚೀಟಿ ಆಕೆಯ ಊಟದ ಮೂಲೆಯ ಗೋಡೆಯ ಮೇಲಿರಬೇಕು.

ಬಿಟ್ಟು ಹೋಗುವವರ ಬಗ್ಗೆ ಒಂದು ಮಾತು. ಸಂಬಳ ಸಾಲದೆ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತೇನೆ ಅಂದರೆ, ಕೊನೆಯ ತಿಂಗಳ ದುಡ್ಡು ಹಿಡಿದಿಡುವುದು, ಆ ಡಾಕ್ಟರಿಗೆ ಫೋನು ಮಾಡಿ “ತಗೋಬ್ಯಾಡ್ರಿ” ಅನ್ನುವುದು ನಮ್ಮಲ್ಲಿ ನಡೆಯುತ್ತದೆ. ಲೆಟರ್‌ಹೆಡ್ಡಿನಲ್ಲಿ ಎಂದಿನಿಂದ ಎಂದಿನವರೆಗೆ ಕೆಲಸ ಮಾಡಿದಳು, ಏನೇನು ಬರುತ್ತದೆ ಎಂದು ಬರೆದು, ಸಹಿ ಹಾಕಿ ಕೊಡಿ. ಬದಲಿಗೆ ಹದಿನೈದು ದಿನ ಹೊಸಬಳ ಜೊತೆ ನಿಂತು ಕಲಿಸಿ ಹೋಗಲು ಕೇಳಿ, ಆ ಹದಿನೈದು ದಿನದ ಸಂಬಳ ಇಬ್ಬರಿಗೂ ಪೂರ್ತಿ ಕೊಡಿ. ಮೊದಲ ವಾರ ಹೊಸಬಳು ಬರೀ ಸಿಂಕು, ಪೌಚು, ಆಟೋಕ್ಲೇವು. ಎರಡನೇ ವಾರ ಟ್ರೇ ಜೋಡಿಸುವುದು, ಸಕ್ಷನ್. ಕೀಳುವುದಕ್ಕೆ, ರೂಟ್ ಕೆನಾಲಿಗೆ, ಫಿಲ್ಲಿಂಗಿಗೆ, ಅಚ್ಚಿಗೆ ಯಾವ ಟ್ರೇಯಲ್ಲಿ ಏನಿರಬೇಕು ಎಂದು ಹಳಬಳ ಕೈಯಿಂದಲೇ ಫೋಟೋ ತೆಗೆಸಿ, ಹೆಸರು ಕನ್ನಡದಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಹೊಸಬಳಿಗೆ ಲಸಿಕೆಯ ಮೊದಲ ಡೋಸು ಕೆಲಸಕ್ಕೆ ಬಂದ ಮೊದಲ ದಿನವೇ ಆಗಬೇಕು. ಅದಾಗುವ ಮೊದಲು ರಕ್ತ ಹತ್ತಿದ ಟ್ರೇ ಆಕೆಯ ಕೈಗೆ ಕೊಡಬೇಡಿ.